ಡಿಜಿಟಲ್‌ನಲ್ಲಿ ಚೆನ್ನಾಗಿತ್ತು, ನೆಗೆಟಿವ್ ಯಾಕೆ ತೆಳುವಾಯಿತು?

ಪ್ರಶ್ನೆ: ಸರ್, ಅಜ್ಜನ ಕಾಲದ ಯಾಶಿಕಾ ಮ್ಯಾಟ್-124ಜಿ ಕ್ಯಾಮೆರಾ ಈಗ ನನ್ನ ಕೈಗೆ ಬಂದಿದೆ. ಅಜ್ಜಿಗೆ ಎಂಬತ್ತು ತುಂಬುತ್ತದೆ. ಶಿರಸಿ ಹತ್ತಿರದ ನಮ್ಮ ಹಳೇ ಮನೆಯ ಜಗಲಿಯಲ್ಲಿ, ಕಿಟಕಿ ಪಕ್ಕ ಕೂರಿಸಿ ಅವರದೊಂದು ಕಪ್ಪು-ಬಿಳುಪು ಫೋಟೊ ತೆಗೆಯಬೇಕು ಅಂತ ಆಸೆ. ಮೊನ್ನೆ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಕಪ್ಪು-ಬಿಳುಪು ಫಿಲಂ ರೋಲ್ ಹಾಕಿದ್ದೆ. ಮೊದಲು ನನ್ನ ಡಿಜಿಟಲ್ ಕ್ಯಾಮೆರಾದಲ್ಲಿ (ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರ್‌ನದು, 35 ಎಂಎಂ ಲೆನ್ಸ್) ತೆಗೆದು ನೋಡಿದೆ. ಎಫ್/5.6, 1/60ಕ್ಕೆ ಸ್ಕ್ರೀನ್‌ನಲ್ಲಿ ಬಹಳ ಚೆನ್ನಾಗಿ ಬಂತು. ಅದನ್ನೇ ಯಾಶಿಕಾದಲ್ಲಿ ಇಟ್ಟೆ. ತೊಳೆಸಿದರೆ 12ರಲ್ಲಿ 9 ನೆಗೆಟಿವ್ ತೆಳು, ನೆರಳಿನ ಕಡೆ ಏನೂ ಇಲ್ಲ. ಅಂಗಳದ ಬಿಸಿಲಲ್ಲಿ ಅಂದಾಜಿನ ಮೇಲೆ ಎಫ್/16, 1/500ಕ್ಕೆ ಹೊಡೆದ ಮೂರು ಮಾತ್ರ ಸರಿಯಾಗಿವೆ. ಡಿಜಿಟಲ್ ನಂಬಬಾರದಾ? ಮುಂದಿನ ಸಲ ಚಿಕ್ಕದೊಂದು ಫ್ಲ್ಯಾಶ್ ಕೂಡ ಸೇರಿಸಬೇಕು ಅಂದುಕೊಂಡಿದ್ದೇನೆ.

ಉತ್ತರ: ಅಂಗಳದ ಮೂರು ಫೋಟೊ ಬಗ್ಗೆ ಬರೆದದ್ದು ಒಳ್ಳೆಯದಾಯಿತು. ಅರ್ಧ ಉತ್ತರ ಅಲ್ಲೇ ಇದೆ. ಅದೇ ರೋಲ್, ಅದೇ ಕ್ಯಾಮೆರಾ, ಅದೇ ಡೆವಲಪರ್. ಆ ಮೂರು ಸರಿ ಇದ್ದರೆ ಫಿಲಂ ಹಳೆಯದಲ್ಲ, ತೊಳೆದವರ ತಪ್ಪಲ್ಲ, ಶಟರ್ ಕೂಡ ತಕ್ಕಮಟ್ಟಿಗೆ ನೆಟ್ಟಗಿದೆ. ಹಳೆಯ ಶಟರ್ ಕೆಟ್ಟರೂ ಸಾಮಾನ್ಯವಾಗಿ ನಿಧಾನವಾಗುತ್ತದೆ. ಆಗ ಬೆಳಕು ಜಾಸ್ತಿ ಬಿದ್ದು ನೆಗೆಟಿವ್ ದಪ್ಪಗಾಗಬೇಕೇ ಹೊರತು ತೆಳುವಾಗುವುದಿಲ್ಲ. ಅಂದರೆ ಜಗಲಿಯಲ್ಲಿ ನೀವು ಕೊಟ್ಟ ಬೆಳಕೇ ಕಡಿಮೆ.

ಎಫ್ ನಂಬರ್ (ಲೆನ್ಸ್ ಬಾಯಿಯ ಅಗಲ, ಅಂದರೆ ಅಪರ್ಚರ್) ಬರೆದಿದ್ದೀರಿ, ಶಟರ್ (ಬೆಳಕು ಬೀಳುವ ಹೊತ್ತು) ಬರೆದಿದ್ದೀರಿ, ಡಿಜಿಟಲ್‌ನ ಐಎಸ್‌ಒ (ಬೆಳಕನ್ನು ಗ್ರಹಿಸುವ ಶಕ್ತಿ) ಬರೆದಿಲ್ಲ. ಆ ದಿನದ ಫೈಲ್ ತೆಗೆದು ಅದರ ಮಾಹಿತಿ ನೋಡಿ. ಆಟೊ ಐಎಸ್‌ಒ ಆನ್ ಇದ್ದು ಕ್ಯಾಮೆರಾ ಸದ್ದಿಲ್ಲದೆ 1600ಕ್ಕೆ ಏರಿಸಿಕೊಂಡಿದ್ದರೆ, ಅಲ್ಲೇ ಎರಡು ಸ್ಟಾಪ್ ಹೋಯಿತು (ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡರಷ್ಟು, ಒಂದು ಕಡಿಮೆ ಅಂದರೆ ಅರ್ಧ). ನಿಮ್ಮ ಫಿಲಂ 400 ಅಷ್ಟೇ, ಅದು ಏರುವುದಿಲ್ಲ. ನನಗೆ ಬರುವ ಇಂಥ ದೂರುಗಳಲ್ಲಿ ಮೊದಲು ನೋಡುವುದೇ ಇದನ್ನು.

ಐಎಸ್‌ಒ 400ರಲ್ಲೇ ಇತ್ತು ಅನ್ನಿ. ಆಗಲೂ ಹೀಗಾಗಬಹುದು. ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಲೆನಾಡಿನ ಹಳೇ ಮನೆ ಜಗಲಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕಪ್ಪು ಮರದ ಕಂಬ, ಕೆಂಪು ನೆಲ, ಇಳಿಮಾಡು. ಆ ಮಬ್ಬಿನಲ್ಲಿ ಕ್ಯಾಮೆರಾ ಸ್ಕ್ರೀನ್ ದೀಪದ ಹಾಗೆ ಹೊಳೆಯುತ್ತದೆ. ಒಂದೂವರೆ ಸ್ಟಾಪ್ ಕಡಿಮೆ ಇರುವ ಫೋಟೊ ಕೂಡ ಅಲ್ಲಿ ‘ಬಹಳ ಚೆನ್ನಾಗಿ’ ಕಾಣಿಸುತ್ತದೆ. ಅದೇ ಫೋಟೊವನ್ನು ಅಂಗಳಕ್ಕೆ ಒಯ್ದು ನೋಡಿ, ಕತ್ತಲೆ. ಫೋಟೊ ಬದಲಾಗಲಿಲ್ಲ, ನಿಮ್ಮ ಕಣ್ಣು ಬದಲಾಯಿತು. ಇದರ ಮೇಲೆ ಇನ್ನೊಂದು: ಈಗಿನ ಕ್ಯಾಮೆರಾಗಳಲ್ಲಿ ನೆರಳನ್ನು ತಾವೇ ಎತ್ತಿ ತೋರಿಸುವ ಒಂದು ಸೌಲಭ್ಯ ಇರುತ್ತದೆ. ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. ನೀವು ಅಜ್ಜಿಯ ನೆರಳಿನ ಕೆನ್ನೆ ಚೆನ್ನಾಗಿ ಬಂತು ಅಂದುಕೊಂಡಿರಿ. ಅದನ್ನು ಬೆಳಗಿಸಿದ್ದು ಕಿಟಕಿಯಲ್ಲ, ಕ್ಯಾಮೆರಾದೊಳಗಿನ ಲೆಕ್ಕಾಚಾರ. ಫಿಲಂಗೆ ಆ ಲೆಕ್ಕಾಚಾರ ಗೊತ್ತಿಲ್ಲ.

ಎಲ್ಲಕ್ಕಿಂತ ದೊಡ್ಡದು ಅಭ್ಯಾಸದ ದೋಷ. ಡಿಜಿಟಲ್‌ನಲ್ಲಿ ಕಲಿತವರು ಬಿಳಿ ಭಾಗ ಸುಟ್ಟುಹೋಗಬಾರದು ಅಂತ ಎಕ್ಸ್‌ಪೋಶರ್ ಇಳಿಸುತ್ತಾ ಹೋಗುತ್ತಾರೆ. ಕಿಟಕಿ ಬಿಳಿಯಾಯಿತು, ಒಂದು ಸ್ಟಾಪ್ ಇಳಿಸು. ಸೀರೆಯ ಮೇಲೆ ಬೆಳಕು ಜಾಸ್ತಿ, ಇನ್ನೂ ಅರ್ಧ ಇಳಿಸು. ಡಿಜಿಟಲ್‌ಗೆ ಅದು ಸರಿ, ಯಾಕೆಂದರೆ ಅಲ್ಲಿ ಸುಟ್ಟ ಬಿಳುಪು ವಾಪಸ್ ಬರುವುದಿಲ್ಲ. ನೆಗೆಟಿವ್ ಫಿಲಂದು ಇದಕ್ಕೆ ಪೂರ್ತಿ ಉಲ್ಟಾ ಸ್ವಭಾವ. ಬೆಳಕು ಎರಡು ಸ್ಟಾಪ್ ಹೆಚ್ಚಾದರೂ ಎಚ್‌ಪಿ5 ಗೊಣಗುವುದಿಲ್ಲ, ಪ್ರಿಂಟ್‌ನಲ್ಲೋ ಸ್ಕ್ಯಾನ್‌ನಲ್ಲೋ ಇಳಿಸಿಕೊಳ್ಳಬಹುದು. ನೆರಳಿಗೆ ಬೆಳಕು ಬೀಳದೇ ಹೋದರೆ ಮಾತ್ರ ಅಲ್ಲಿ ಬರೀ ಖಾಲಿ ಪ್ಲಾಸ್ಟಿಕ್. ಯಾವ ಡೆವಲಪರ್‌ನಲ್ಲಿ ಎಷ್ಟು ಹೊತ್ತು ಅದ್ದಿದರೂ ಇಲ್ಲದ ವಿವರ ಹುಟ್ಟುವುದಿಲ್ಲ.

ಹಾಗಾದರೆ ಡಿಜಿಟಲ್ ನಂಬಬಾರದಾ? ನಂಬಿ, ಆದರೆ ಎರಡು ಬೇರೆ ಬೇರೆ ಕೆಲಸಕ್ಕೆ ಎರಡು ಬೇರೆ ರೀತಿ ನಂಬಿ. ಬೆಳಕು ಎಲ್ಲಿ ಬೀಳುತ್ತಿದೆ, ಮೂಗಿನ ನೆರಳು ಯಾವ ಕಡೆಗೆ ಎಳೆದಿದೆ, ಕನ್ನಡಕದಲ್ಲಿ ಕಿಟಕಿ ಹೊಳೆಯುತ್ತಿದೆಯಾ, ಇದಕ್ಕೆಲ್ಲ ಸ್ಕ್ರೀನ್ ನೋಡಿ. ಫಿಲಂಗೆ ಎಷ್ಟು ಬೆಳಕು ಕೊಡಬೇಕು ಅನ್ನುವುದಕ್ಕೆ ಸ್ಕ್ರೀನ್ ನೋಡಬೇಡಿ. ಅದಕ್ಕೆ ಡಿಜಿಟಲ್ ಕ್ಯಾಮೆರಾ ಬರೀ ಬೆಳಕು ಅಳೆಯುವ ಒಂದು ಮೀಟರ್. ಮೀಟರ್ ಅಂದಮೇಲೆ ತಕ್ಕಡಿ ಇದ್ದ ಹಾಗೆ, ಅಂಗಡಿಗೆ ತಂದ ದಿನ ಒಮ್ಮೆ ಬಟ್ಟು ಇಟ್ಟು ನೋಡಿಕೊಳ್ಳಬೇಕು.

ಸ್ಕ್ರೀನ್‌ನಲ್ಲಿ ಬೆಳಕು ನೋಡಿಕೊಳ್ಳುವುದು ಹೊಸದೇನಲ್ಲ ಅನ್ನಿ. ಹಿಂದೆ ಸ್ಟುಡಿಯೊಗಳಲ್ಲಿ ದೊಡ್ಡ ಕ್ಯಾಮೆರಾದ ಹಿಂಬದಿಗೆ ಪೋಲರಾಯ್ಡ್ ಬ್ಯಾಕ್ (ಕೂಡಲೇ ಫೋಟೊ ಕೈಗೆ ಕೊಡುವ ಫಿಲಂನ ಪೆಟ್ಟಿಗೆ) ಹಾಕಿ ಒಂದು ಫೋಟೊ ತೆಗೆದು, ಸಿಪ್ಪೆ ಸುಲಿದು ನೋಡಿ, ಆಮೇಲೆ ಫಿಲಂ ಹಾಕುತ್ತಿದ್ದರು. ಪೋಲರಾಯ್ಡ್ ಕಂಪನಿ ಆ ಫಿಲಂ ನಿಲ್ಲಿಸುತ್ತೇವೆ ಅಂತ 2008ರಲ್ಲಿ ಹೇಳಿತು. ಅದೇ ಥರದ ಫ್ಯೂಜಿಯವರ ಎಫ್‌ಪಿ-100ಸಿ ಫಿಲಂ ಸ್ವಲ್ಪ ಕಾಲ ಉಸಿರು ಹಿಡಿದಿತ್ತು, 2016ರಲ್ಲಿ ಅದೂ ನಿಂತಿತು. ನಿಮ್ಮ ಯಾಶಿಕಾದಂಥ ಅವಳಿ ಲೆನ್ಸ್ ಕ್ಯಾಮೆರಾದ ಬೆನ್ನು ಕಳಚಿ ಬೇರೆ ಬ್ಯಾಕ್ ಹಾಕಲು ಬರುವುದಿಲ್ಲ. ಹಾಗಾಗಿ ಅಜ್ಜನಿಗೆ ಆ ಸೌಕರ್ಯ ಎಂದೂ ಇರಲಿಲ್ಲ. ನಿಮಗಿದೆ.

ಈಗ ಬಟ್ಟು ಇಡುವ ಕೆಲಸ. ಅಗ್ಗದ 400ರ ರೋಲ್ ಆದರೂ ಅಡ್ಡಿಯಿಲ್ಲ, ಆದರೆ ಅಜ್ಜಿಗೆ ಎಚ್‌ಪಿ5 ಹಾಕುವುದಾದರೆ ಇದಕ್ಕೂ ಅದನ್ನೇ ಹಾಕಿ. ರೋಲ್, ತೊಳೆಸುವುದು, ಸ್ಕ್ಯಾನ್ ಎಲ್ಲ ಸೇರಿ ಸಾವಿರ ರೂಪಾಯಿ ದಾಟುತ್ತದೆ, ಗೊತ್ತು. ಇನ್ನೊಂದು ಸಲ 9 ಫೋಟೊ ಹಾಳಾಗುವುದಕ್ಕಿಂತ ಇದು ಕಡಿಮೆ.

ಮೋಡದ ದಿನ, ಅಥವಾ ಮನೆಯ ನೆರಳಿನ ಕಡೆ, ಯಾರನ್ನಾದರೂ ಕೂರಿಸಿ. ಕೈಗೊಂದು 18 ಪರ್ಸೆಂಟ್ ಗ್ರೇ ಕಾರ್ಡ್ (ಬೆಳಕು ಅಳೆಯಲು ಬಳಸುವ ಬೂದು ರಟ್ಟು) ಕೊಡಿ. ಪಕ್ಕದಲ್ಲಿ ಒಂದು ಕಪ್ಪು ಕಂಬಳಿ ಇರಲಿ, ಉಣ್ಣೆಯ ಎಳೆ ಕಾಣುವಂಥದ್ದು. ಡಿಜಿಟಲ್‌ನಲ್ಲಿ ಎಲ್ಲವೂ ಮ್ಯಾನ್ಯುವಲ್, ಐಎಸ್‌ಒ 400, ಆಟೊ ಏನೂ ಬೇಡ. ಕಾರ್ಡನ್ನು ಸ್ಪಾಟ್ ಮೀಟರ್‌ನಲ್ಲಿ (ಒಂದು ಚಿಕ್ಕ ಜಾಗವನ್ನು ಮಾತ್ರ ಅಳೆಯುವ ಮೋಡ್) ಅಳೆಯಿರಿ. ಮುಳ್ಳು ಸೊನ್ನೆಗೆ ಬಂದ ಅಂಕಿ ಯಾಶಿಕಾದಲ್ಲಿ ಇಟ್ಟು ಒಂದು ಹೊಡೆಯಿರಿ. ಆಮೇಲೆ ಅರ್ಧ ಸ್ಟಾಪ್ ಜಾಸ್ತಿ, ಒಂದು ಜಾಸ್ತಿ, ಒಂದೂವರೆ, ಎರಡು. ಅರ್ಧ ಮತ್ತು ಒಂದು ಕಡಿಮೆ ಮಾಡಿಯೂ ಹೊಡೆಯಿರಿ. ಏರಿಳಿಸುವುದು ಅಪರ್ಚರ್‌ನಲ್ಲಿ ಆಗಲಿ. ಶಟರ್ ಮುಟ್ಟಬೇಡಿ, ಹಳೆಯ ಶಟರ್‌ನ 1/60ಕ್ಕೂ 1/125ಕ್ಕೂ ನಡುವಿನ ಅಂತರ ಯಾವತ್ತೂ ಸರಿಯಾಗಿ ಒಂದು ಸ್ಟಾಪ್ ಇರುವುದಿಲ್ಲ. ಒಂದೊಂದನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ. ಪೆನ್ಸಿಲ್‌ನಲ್ಲಿ ಚೀಟಿ ಬರೆದು ಫೋಟೊದೊಳಗೇ ಹಿಡಿಸಿದರೆ ಇನ್ನೂ ಒಳ್ಳೆಯದು.

ಯಾವಾಗಲೂ ತೊಳೆಸುವ ಕಡೆಯೇ ತೊಳೆಸಿ. ನೆಗೆಟಿವ್ ಕೈಗೆ ಬಂದ ಮೇಲೆ ಕಂಬಳಿ ನೋಡಿ. ಎಳೆ ಸ್ಪಷ್ಟವಾಗಿ ಕಾಣಿಸಿಕೊಂಡ ಫ್ರೇಮ್‌ಗಳಲ್ಲಿ ಎಲ್ಲಕ್ಕಿಂತ ಕಡಿಮೆ ಬೆಳಕಿನದು ಯಾವುದೋ ಅದೇ ನಿಮ್ಮ ಲೆಕ್ಕ. ನನ್ನ ಕ್ಯಾಮೆರಾ ಜೋಡಿಯಲ್ಲಿ ಅದು ಡಿಜಿಟಲ್ ಹೇಳಿದ್ದಕ್ಕಿಂತ ಮುಕ್ಕಾಲು ಸ್ಟಾಪ್ ಹತ್ತಿರ ಜಾಸ್ತಿ ಬಂತು. ಆವತ್ತಿನಿಂದ 400ರ ಫಿಲಂ ಹಾಕಿದಾಗ ಡಿಜಿಟಲ್‌ನಲ್ಲಿ ಐಎಸ್‌ಒ 250 ಇಟ್ಟು ಅಳೆಯುತ್ತೇನೆ. ನಿಮ್ಮದು 320 ಬರಬಹುದು, 200 ಬರಬಹುದು. ಇದರಲ್ಲಿ ಮೋಸವೇನೂ ಇಲ್ಲ. ಡಿಜಿಟಲ್ ಐಎಸ್‌ಒ ಅಳೆಯುವ ಪದ್ಧತಿಯೇ ಬೇರೆ, ಫಿಲಂದೇ ಬೇರೆ. ಲೆನ್ಸ್‌ಗಳೂ ಹಾಗೇ. ಎರಡರ ಮೇಲೂ ಎಫ್/5.6 ಅಂತ ಬರೆದಿದ್ದರೂ ಒಳಗಿನ ಗಾಜುಗಳು ನುಂಗುವ ಬೆಳಕು ಒಂದೇ ಅಲ್ಲ.

ಶಟರ್ ಮೇಲೆ ಆದರೂ ಅನುಮಾನ ಇದ್ದರೆ ಫೋನ್ ತೆಗೆಯಿರಿ. ಯಾಶಿಕಾದಲ್ಲಿ ಫಿಲಂ ಇಲ್ಲದಾಗ ಹಿಂದಿನ ಬಾಗಿಲು ತೆರೆದು, ಲೆನ್ಸ್ ಕಿಟಕಿ ಕಡೆಗೆ ತಿರುಗಿಸಿ, ಹಿಂದಿನಿಂದ ಸ್ಲೋ ಮೋಷನ್ ವಿಡಿಯೊ ಮಾಡಿ. ಸೆಕೆಂಡಿಗೆ 240 ಫ್ರೇಮ್ ಇದ್ದರೆ, 1/30ಕ್ಕೆ ಸುಮಾರು 8 ಫ್ರೇಮ್ ಬೆಳಕು ಕಾಣಬೇಕು. 12 ಕಂಡರೆ ನಿಮ್ಮ 1/30 ನಿಜವಾಗಿ 1/20. ವೇಗದ ಶಟರ್‌ಗಳಿಗೆ ಈ ಉಪಾಯ ನಡೆಯುವುದಿಲ್ಲ, ಆದರೆ ಜಗಲಿಯಲ್ಲಿ ನಿಮಗೆ ಬೇಕಾಗುವುದು ನಿಧಾನದವೇ.

ಯಾಶಿಕಾದಲ್ಲೇ ಒಂದು ಮೀಟರ್ ಇದೆಯಲ್ಲ ಅಂತ ಕೇಳಬಹುದು. ಅದು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಮಾಡಿದ್ದು, ಆ ಸೆಲ್ಲು ಈಗ ಸಿಗುವುದಿಲ್ಲ. ಅಂಗಡಿಯವರು ಕೊಡುವ 1.5 ವೋಲ್ಟಿನದು ಹಾಕಿದರೆ ಮುಳ್ಳು ಇರುವುದಕ್ಕಿಂತ ಜಾಸ್ತಿ ಬೆಳಕು ತೋರಿಸಿ ನಿಮ್ಮನ್ನು ಮತ್ತೆ ತೆಳು ನೆಗೆಟಿವ್ ಕಡೆಗೇ ಎಳೆಯುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಝಿಂಕ್-ಏರ್ ಸೆಲ್ಲು 1.4 ವೋಲ್ಟ್ ಹತ್ತಿರ ಇರುತ್ತದೆ, ಅಗಲಕ್ಕೆ ಒಂದು ರಬ್ಬರ್ ರಿಂಗ್ ಹಾಕಿದರೆ ಕೂರುತ್ತದೆ. ಅಜ್ಜಿಯ ಡಬ್ಬಿಯಲ್ಲಿ ಇದ್ದರೆ ಕೇಳಿ ನೋಡಿ, ಬೈಸಿಕೊಂಡರೆ ನಾನು ಜವಾಬ್ದಾರನಲ್ಲ.

ಇನ್ನು ಕಿಟಕಿ ಮತ್ತು ಫ್ಲ್ಯಾಶ್. ಡಿಜಿಟಲ್ ನಿಜವಾಗಿ ಹಣ ಉಳಿಸುವುದು ಇಲ್ಲೇ. ಕಿಟಕಿ ಬೆಳಕು ಬರಿಗಣ್ಣಿಗೆ ಕಾಣುತ್ತದೆ. ಫ್ಲ್ಯಾಶ್ ಕಾಣುವುದಿಲ್ಲ, ಮಿಂಚಿ ಹೋಗುತ್ತದೆ. ಎರಡೂ ಸೇರಿದಾಗ ಏನಾಗುತ್ತದೆ ಅಂತ ಊಹಿಸುವುದು ಹಳಬರಿಗೂ ಕಷ್ಟ. ನಾನು ಮಾಡುವುದು ಹೀಗೆ.

ಮೊದಲು ಫ್ಲ್ಯಾಶ್ ಆಫ್. ಕಿಟಕಿ ಮಾತ್ರ. ನಿಮ್ಮದೇ ಅಂಕಿ ಹಿಡಿಯೋಣ. ಮೊನ್ನೆಯದು ಎಫ್/5.6, 1/60. ಅದು ಕಡಿಮೆ ಅಂತ ಗೊತ್ತಾಯಿತು, ಹಾಗಾಗಿ ಎಫ್/5.6, 1/30 ಅನ್ನಿ. ಡಿಜಿಟಲ್ ನಿಮ್ಮ ಲೆಕ್ಕದ ಐಎಸ್‌ಒದಲ್ಲಿ ಇರಲಿ. ಕಿಟಕಿ ಕಡೆಯ ಕೆನ್ನೆ ನೋಡಿ, ಚರ್ಮದ ಸುಕ್ಕು ಗೆರೆ ಗೆರೆಯಾಗಿ ಕಾಣಬೇಕು, ಬಿಳಿ ಮಚ್ಚೆ ಆಗಬಾರದು. ಹಿಂದಿನ ಕಿಟಕಿ ಗಾಜು ಸುಟ್ಟರೆ ಸುಡಲಿ.

ಆಮೇಲೆ ಫ್ಲ್ಯಾಶ್ ಮಾತ್ರ. ಅಪರ್ಚರ್ ಎಫ್/5.6ರಲ್ಲೇ ಬಿಟ್ಟು ಶಟರ್ 1/200ಕ್ಕೆ ಏರಿಸಿ. ಕಿಟಕಿ ಬೆಳಕು ಹೆಚ್ಚೂಕಡಿಮೆ ಸತ್ತುಹೋಗುತ್ತದೆ, ಫ್ಲ್ಯಾಶ್ ಮಾತ್ರ ಉಳಿಯುತ್ತದೆ. ಅದು ಮಿಂಚುವುದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುವುದರಿಂದ ಶಟರ್ ಬದಲಾದರೂ ಅದರ ಬಲ ಬದಲಾಗುವುದಿಲ್ಲ. ಈಗ ನೆರಳಿನ ಕೆನ್ನೆ ನೋಡುತ್ತಾ ಫ್ಲ್ಯಾಶ್ ಪವರ್ ಇಳಿಸುತ್ತಾ ಬನ್ನಿ. ಕಿಟಕಿ ಕಡೆಗಿಂತ ಒಂದೂವರೆ ಸ್ಟಾಪ್ ಕಡಿಮೆ ಇದ್ದರೆ ಅಲ್ಲಿ ಫ್ಲ್ಯಾಶ್ ಹೊಡೆದಿದ್ದಾರೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸಮ ಮಾಡಿದಿರೋ, ಪಾಸ್‌ಪೋರ್ಟ್ ಫೋಟೊ.

ಕೊನೆಗೆ ಶಟರ್ ಮತ್ತೆ 1/30ಕ್ಕೆ ತಂದು ಎರಡನ್ನೂ ಸೇರಿಸಿ ಒಂದು ತೆಗೆಯಿರಿ. ಈ ಫೋಟೊವನ್ನು ಕ್ಯಾಮೆರಾದ ಮೊನೊಕ್ರೋಮ್ ಮೋಡ್‌ನಲ್ಲಿ, ಕಾಂಟ್ರಾಸ್ಟ್ ಇಳಿಸಿ ನೋಡಿ. ಬಣ್ಣ ಇದ್ದರೆ ಕಣ್ಣು ಬೆಳಕು ನೋಡುವುದಿಲ್ಲ, ಸೀರೆ ನೋಡುತ್ತದೆ.

ಫ್ಲ್ಯಾಶ್ ಮ್ಯಾನ್ಯುವಲ್‌ನಲ್ಲಿರಲಿ, ಟಿಟಿಎಲ್ ಬೇಡವೇ ಬೇಡ. ಟಿಟಿಎಲ್‌ನಲ್ಲಿ ಡಿಜಿಟಲ್ ಕ್ಯಾಮೆರಾ ಪ್ರತಿ ಸಲ ತಾನೇ ಪವರ್ ತೀರ್ಮಾನಿಸುತ್ತದೆ. ನಿಮ್ಮ ಯಾಶಿಕಾ ಆ ಫ್ಲ್ಯಾಶ್ ಜೊತೆ ಮಾತಾಡುವುದೇ ಇಲ್ಲ, ಫ್ಲ್ಯಾಶ್ ತಂತಿ ಸಿಕ್ಕಿಸುವ ಅದರ ಪಿಸಿ ಸಾಕೆಟ್‌ನಿಂದ ಹೋಗುವುದು ‘ಈಗ ಹೊಡಿ’ ಅನ್ನುವ ಒಂದೇ ಮಾತು. ಹಾಂ, ಅಜ್ಜನ ಕಾಲದ ಹಳೇ ಫ್ಲ್ಯಾಶ್ ಏನಾದರೂ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಅದನ್ನು ಸುಮ್ನೆ ಡಿಜಿಟಲ್ ಕ್ಯಾಮೆರಾ ತಲೆಗೆ ಸಿಕ್ಕಿಸಬೇಡಿ. ಕೆಲವು ಹಳೇ ಫ್ಲ್ಯಾಶ್‌ಗಳ ಟ್ರಿಗರ್‌ನಲ್ಲಿ 200 ವೋಲ್ಟ್ ಮೇಲೆ ಇರುತ್ತದೆ. ಯಾಶಿಕಾ ತಡೆದುಕೊಂಡೀತು, ಡಿಜಿಟಲ್ ಸುಟ್ಟುಹೋಗಬಹುದು.

ಇಷ್ಟೆಲ್ಲ ಮಾಡಿಯೂ ನಾನೊಮ್ಮೆ 12ಕ್ಕೆ 12 ಖಾಲಿ ತೆಗೆದವನು. ಬೇರೆ ಒಂದು ಹಳೇ ಅವಳಿ ಲೆನ್ಸ್ ಕ್ಯಾಮೆರಾ. ಡಿಜಿಟಲ್‌ನಲ್ಲಿ ಬೆಳಕು ಚಿನ್ನದ ಹಾಗಿತ್ತು. ಪೂರ್ತಿ ಫ್ಲ್ಯಾಶ್ ಬೆಳಕಿನ ಫೋಟೊ, ಕಿಟಕಿ ಇರಲಿಲ್ಲ. ರೋಲ್ ತೊಳೆದು ಎತ್ತಿ ಹಿಡಿದರೆ ಗಾಜಿನ ಹಾಗೆ ಸ್ವಚ್ಛ! ಲೆನ್ಸ್ ಪಕ್ಕದ ಸಣ್ಣ ಕಡ್ಡಿ ಎಕ್ಸ್ ಬದಲು ಎಂ ಮೇಲೆ ಇತ್ತು. ಎಂ ಅನ್ನುವುದು ಹಿಂದಿನ ಕಾಲದ ಒಂದೇ ಸಲ ಉರಿಯುವ ಬಲ್ಬುಗಳಿಗೆ. ಅವು ಹೊತ್ತಿಕೊಳ್ಳಲು ಸಮಯ ಬೇಕು ಅಂತ ಮೊದಲು ಬಲ್ಬಿಗೆ ಕಿಡಿ ಕೊಟ್ಟು ಒಂದು ಚೂರು ತಡೆದು ಶಟರ್ ತೆರೆಯುತ್ತದೆ. ಈಗಿನ ಫ್ಲ್ಯಾಶ್ ಅಷ್ಟರಲ್ಲಿ ಮಿಂಚಿ ಮುಗಿದಿರುತ್ತದೆ. ನಿಮ್ಮದರಲ್ಲಿ ಅಂಥ ಕಡ್ಡಿ ಇದ್ದರೆ ಎಕ್ಸ್‌ನಲ್ಲಿದೆಯಾ ನೋಡಿ. ಇಲ್ಲದಿದ್ದರೂ ಫಿಲಂ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಹಿಂದಿನ ಬಾಗಿಲು ತೆರೆದು, ಅಪರ್ಚರ್ ಪೂರ್ತಿ ಬಿಟ್ಟು, ಫ್ಲ್ಯಾಶನ್ನು ಬಿಳಿ ಗೋಡೆ ಕಡೆ ತಿರುಗಿಸಿ, ನೀವು ಹಿಂದಿನಿಂದ ಲೆನ್ಸ್ ಮೂಲಕ ಆ ಗೋಡೆ ನೋಡುತ್ತಾ 1/125ರಲ್ಲಿ ಗುಂಡಿ ಒತ್ತಿ. ದುಂಡಗಿನ ಬೆಳಕಿನ ಬಿಲ್ಲೆ ಫಳ್ಳನೆ ಕಂಡರೆ ಸರಿ. ಕತ್ತಲೆ ಕಂಡರೆ ಅಲ್ಲೇ ನಿಲ್ಲಿಸಿ. ಯಾಶಿಕಾದ ಶಟರ್ ಲೆನ್ಸ್ ಒಳಗೇ ಇರುವುದರಿಂದ 1/500ರವರೆಗೂ ಫ್ಲ್ಯಾಶ್ ಹೊಂದುತ್ತದೆ, ಆ ಚಿಂತೆ ಬೇಡ.

ಡಿಜಿಟಲ್ ಸುಳ್ಳು ಹೇಳುವ ಇನ್ನೊಂದು ಜಾಗ ಫೋಕಸ್. ನಿಮ್ಮ 35 ಎಂಎಂ ಲೆನ್ಸ್, ಯಾಶಿಕಾದ 80 ಎಂಎಂ ಲೆನ್ಸ್ ಹೆಚ್ಚೂಕಡಿಮೆ ಒಂದೇ ಅಗಲ ನೋಡುತ್ತವೆ, ಆದ್ದರಿಂದ ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ಇಟ್ಟರೆ ಚೌಕಟ್ಟು ಹೊಂದುತ್ತದೆ. ಆದರೆ ಫಿಲಂ ದೊಡ್ಡದು. ಯಾಶಿಕಾದಲ್ಲಿ ಎಫ್/5.6 ಅಂದರೆ ನಿಮ್ಮ ಡಿಜಿಟಲ್‌ನಲ್ಲಿ ಸುಮಾರು ಎಫ್/2.4 ಇಟ್ಟಷ್ಟು ಹಿನ್ನೆಲೆ ಮಸುಕು. ಡಿಜಿಟಲ್‌ನಲ್ಲಿ ಅಜ್ಜಿಯ ಮೂಗುಬೊಟ್ಟು, ಕಣ್ಣು, ಕಿವಿಯ ಓಲೆ ಮೂರೂ ಚೂಪಾಗಿ ಕಂಡಿರುತ್ತದೆ. ಫಿಲಂನಲ್ಲಿ ಕಣ್ಣು ಮಾತ್ರ. ಎಫ್/8ಕ್ಕೆ ಹೋಗೋಣ ಅಂದರೆ ಶಟರ್ 1/15 ಆಗುತ್ತದೆ, ಫ್ಲ್ಯಾಶ್ ಎರಡರಷ್ಟು ಬೇಕು, ಎಂಬತ್ತರ ಅಜ್ಜಿ ಅಷ್ಟು ಹೊತ್ತು ಅಲ್ಲಾಡದೆ ಇರುವುದೂ ಕಷ್ಟ. ನಾನಾದರೆ ಎಫ್/5.6ರಲ್ಲೇ ಇದ್ದು, ಟ್ರೈಪಾಡ್ ಹಾಕಿ, ಮೇಲಿನ ಮುಚ್ಚಳದ ಭೂತಗನ್ನಡಿ ಎತ್ತಿ ಹತ್ತಿರದ ಕಣ್ಣಿಗೆ ಫೋಕಸ್ ಮಾಡುತ್ತೇನೆ.

ಸಂಜೆ ಬೆಳಕು ಇಳಿದ ಮೇಲೆ ತೆಗೆಯುವುದಿದ್ದರೆ ಇನ್ನೊಂದು ವಿಷಯ. ಒಂದು ಸೆಕೆಂಡ್ ದಾಟಿದರೆ ಫಿಲಂಗೆ ಸುಸ್ತಾಗುತ್ತದೆ, ಡಿಜಿಟಲ್‌ಗೆ ಆಗುವುದಿಲ್ಲ. ಡಿಜಿಟಲ್ 4 ಸೆಕೆಂಡ್ ಅಂದರೆ ಇಲ್‌ಫರ್ಡ್ ಕೊಟ್ಟ ಲೆಕ್ಕದಲ್ಲಿ ಎಚ್‌ಪಿ5ಗೆ 6 ಸೆಕೆಂಡ್, 10 ಅಂದರೆ 20. ಮನುಷ್ಯರ ಫೋಟೊಗೆ ಇದು ಬೇಕಾಗುವುದಿಲ್ಲ, ಖಾಲಿ ಜಗಲಿ ತೆಗೆದರೆ ಬೇಕಾಗುತ್ತದೆ.

ಕುಂಕುಮದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮೊನೊಕ್ರೋಮ್ ಮೋಡ್‌ನಲ್ಲಿ ಕೆಂಪು ಫಿಲ್ಟರ್ ಆಯ್ಕೆ ಇರುತ್ತದೆ. ಚರ್ಮ ನುಣುಪಾಗಿ ಕಾಣುತ್ತದೆ ಅಂತ ಹಾಕಿಬಿಡಬೇಡಿ, ಹಣೆಯ ಕುಂಕುಮ ಮಾಯವಾಗುತ್ತದೆ. ನಿಜವಾದ ಕೆಂಪು ಗಾಜನ್ನು ಯಾಶಿಕಾಗೆ ಹಾಕಿದರೂ ಅದೇ ಗತಿ, ಮೇಲಿಂದ ಮೂರು ಸ್ಟಾಪ್ ಬೆಳಕು ನಷ್ಟ. ಆರ್ಥೊ ಫಿಲಂನಲ್ಲಿ ಉಲ್ಟಾ, ಅದಕ್ಕೆ ಕೆಂಪು ಕಾಣಿಸುವುದೇ ಇಲ್ಲ, ಕುಂಕುಮ ಕಪ್ಪು ಬೊಟ್ಟಾಗುತ್ತದೆ. ಎಚ್‌ಪಿ5ನಲ್ಲಿ ಫಿಲ್ಟರ್ ಇಲ್ಲದೆ ನಡುವಿನ ಬೂದು ಬರುತ್ತದೆ, ಅದೇ ಚೆಂದ. ಮುಂದೆ ಕಲರ್ ನೆಗೆಟಿವ್ ಹಾಕಿದರೆ ಡಿಜಿಟಲ್‌ನ ವೈಟ್ ಬ್ಯಾಲೆನ್ಸ್ ಆಟೊದಿಂದ ತೆಗೆದು ಡೇಲೈಟ್‌ನಲ್ಲಿ ಇಡಿ. ಆಗ ಜಗಲಿಯ ಹಳದಿ ಬಲ್ಬು ಮುಖವನ್ನು ಎಷ್ಟು ಕಿತ್ತಳೆ ಮಾಡುತ್ತಿದೆ ಅಂತ ಗೊತ್ತಾಗುತ್ತದೆ, ಬಲ್ಬು ಆರಿಸುತ್ತೀರಿ.

ಫೋನ್ ಸಾಕಾಗಲ್ವಾ ಅಂತ ಕೇಳುವವರಿಗೆ: ಮೀಟರ್ ಆ್ಯಪ್ ಆಗಿ ಪರವಾಗಿಲ್ಲ, ಬೆಳಕಿನ ಸ್ವರೂಪ ನೋಡಲು ಬೇಡ. ಅದು ಹಲವು ಫೋಟೊ ತೆಗೆದು ಬೆರೆಸಿ ನೆರಳನ್ನೆಲ್ಲ ತುಂಬಿಬಿಡುತ್ತದೆ.

ಫೋಟೊ ದಿನ ಡಿಜಿಟಲ್ ಪರೀಕ್ಷೆಗೆಲ್ಲ ಅಜ್ಜಿಯನ್ನು ಕೂರಿಸಬೇಡಿ. ಮನೆಯಲ್ಲಿ ಅವರಷ್ಟೇ ಎತ್ತರದ, ಅವರಷ್ಟೇ ಬಣ್ಣದ ಯಾರಾದರೂ ಇದ್ದರೆ ಅದೇ ಕುರ್ಚಿಯಲ್ಲಿ ಕೂರಿಸಿ, ಹೆಗಲ ಮೇಲೆ ಅಜ್ಜಿ ಉಡುವ ಸೀರೆಯನ್ನೇ ಹೊದೆಸಿ. ಕುರ್ಚಿ ಕಾಲಿನ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಎಲ್ಲ ಸಿದ್ಧವಾದ ಮೇಲೆ ಅಜ್ಜಿಯನ್ನು ಕರೆದು, ಡಿಜಿಟಲ್‌ನಲ್ಲಿ ಒಂದೇ ಒಂದು ತೆಗೆದು ನೋಡಿ, ಅದನ್ನು ಪಕ್ಕಕ್ಕಿಟ್ಟು ಯಾಶಿಕಾ ಹಿಡಿಯಿರಿ. ಗಂಟೆಗೊಮ್ಮೆ ಅಲ್ಲ, ಮಲೆನಾಡಿನ ಮೋಡಕ್ಕೆ ಐದು ನಿಮಿಷಕ್ಕೊಮ್ಮೆ ಕಿಟಕಿ ಬೆಳಕು ಬದಲಾಗುತ್ತದೆ. ನಾಲ್ಕು ಫ್ರೇಮಿಗೊಮ್ಮೆ ಡಿಜಿಟಲ್ ಎತ್ತಿ ಬರೀ ಮೀಟರ್ ನೋಡಿಕೊಳ್ಳಿ.

ತೊಳೆಸಿದ ಮೇಲೆ ನನಗೆ ಕಳಿಸುವುದಾದರೆ ಸ್ಕ್ಯಾನ್ ಕಳಿಸಬೇಡಿ. ಸ್ಕ್ಯಾನರ್ ಕೂಡ ನಿಮ್ಮ ಡಿಜಿಟಲ್ ಕ್ಯಾಮೆರಾ ಹಾಗೆಯೇ, ತೆಳುವಾಗಿದ್ದನ್ನು ತಾನೇ ಸರಿಮಾಡಿ ತೋರಿಸುತ್ತದೆ. ನೆಗೆಟಿವ್ ಪಟ್ಟಿಯನ್ನೇ ಕಿಟಕಿ ಬೆಳಕಿಗೆ ಹಿಡಿದು ಅದರ ಫೋಟೊ ಕಳಿಸಿ.